ಅಪರೂಪದ ವಿಸ್ಕಿ ಬಾಟಲಿಗೆ ಚಿತ್ರ ಬರೆದು ದಾನಕ್ಕೆ ಹಣ ಕೂಡಿಸುವುದು ಹೇಗೆ?

2018ರ ನವೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದೇ ಒಂದು ಬಾಟಲಿ ವಿಸ್ಕಿ 12 ಲಕ್ಷ ಪೌಂಡ್‌ಗೆ ಹೋಯಿತು. 1926ರಲ್ಲಿ ಬಟ್ಟಿ ಇಳಿಸಿ, 60 ವರ್ಷ ಪೀಪಾಯಿಯಲ್ಲಿಟ್ಟು, 1986ರಲ್ಲಿ ತುಂಬಿದ ಸ್ಕಾಟ್ಲೆಂಡಿನ ಮ್ಯಾಕಲನ್ ವಿಸ್ಕಿ ಅದು. ಆ ಪೀಪಾಯಿಯಿಂದ ಸಿಕ್ಕಿದ್ದು ಬರೀ 40 ಬಾಟಲಿ. 12ಕ್ಕೆ ಬ್ರಿಟನ್ನಿನ ಕಲಾವಿದ ಪೀಟರ್ ಬ್ಲೇಕ್, ಇನ್ನೊಂದು 12ಕ್ಕೆ ಇಟಲಿಯ ವಲೇರಿಯೊ ಅಡಾಮಿ ಲೇಬಲ್ ಬರೆದುಕೊಟ್ಟಿದ್ದರು. ಕ್ರಿಸ್ಟೀಸ್‌ನಲ್ಲಿ ಹೋದ ಬಾಟಲಿಯದು ಬೇರೆ ಕಥೆ. ಐರ್ಲೆಂಡಿನ ಕಲಾವಿದ ಮೈಕಲ್ ಡಿಲನ್ ಅದರ ಗಾಜಿನ ಮೇಲೆಯೇ ಕೈಯಾರೆ ಚಿತ್ರ ಬರೆದಿದ್ದರು. ಮ್ಯಾಕಲನ್ ಡಿಸ್ಟಿಲರಿಯ, ಅಂದರೆ ವಿಸ್ಕಿ ಬಟ್ಟಿ ಇಳಿಸುವ ಕಾರ್ಖಾನೆಯ, ಹಳೆಯ ಬಂಗಲೆಯ ಚಿತ್ರ.

ಅದು ಸಂಗ್ರಹಕಾರರ ಲೋಕದ ವ್ಯಾಪಾರ. ಆದರೆ ಇದೇ ದಾರಿಯಲ್ಲಿ ದಾನದ ಹಣವೂ ಬಂದಿದೆ. 2010ರ ನವೆಂಬರ್ 15ರಂದು ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಫ್ರಾನ್ಸಿನ ಗಾಜಿನ ಕಂಪನಿ ಲಲೀಕ್ ಮಾಡಿದ ಒಂದು ಡಿಕ್ಯಾಂಟರ್ (ಮದ್ಯ ತುಂಬಿಡುವ ಅಲಂಕಾರದ ಗಾಜಿನ ಹೂಜಿ), ಒಳಗೆ 64 ವರ್ಷದ ಮ್ಯಾಕಲನ್, 4,60,000 ಡಾಲರ್‌ಗೆ ಹೋಯಿತು. ಆ ಹಣ ಬಡ ದೇಶಗಳ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ 'ಚಾರಿಟಿ: ವಾಟರ್' ಸಂಸ್ಥೆಗೆ ಸೇರಿತು. 2021ರಿಂದ ಸ್ಕಾಟ್ಲೆಂಡಿನಲ್ಲಿ ಎರಡು ವರ್ಷಕ್ಕೊಮ್ಮೆ 'ಡಿಸ್ಟಿಲರ್ಸ್ ಒನ್ ಆಫ್ ಒನ್' ಎಂಬ ಹರಾಜು ನಡೆಯುತ್ತಿದೆ. ಮೊದಲ ಸಲ ಎಡಿನ್‌ಬರಾ ಹತ್ತಿರದ ಬಾರ್ನ್‌ಬೂಗಲ್ ಕೋಟೆಯಲ್ಲಿ, ಆಮೇಲೆ 2023ರಲ್ಲೂ 2025ರಲ್ಲೂ ಹೋಪ್‌ಟೌನ್ ಹೌಸ್‌ನಲ್ಲಿ. ಅಲ್ಲಿಗೆ ಬರುವ ಒಂದೊಂದು ಬಾಟಲಿಯೂ ಜಗತ್ತಿನಲ್ಲಿ ಒಂದೇ ಇರುವಂಥದ್ದು. 2023ರಲ್ಲಿ ಕೂಡಿದ ಹಣ 20 ಲಕ್ಷ ಪೌಂಡ್‌ಗೂ ಜಾಸ್ತಿ. ಕಷ್ಟದಲ್ಲಿರುವ ಸ್ಕಾಟಿಷ್ ಯುವಕ ಯುವತಿಯರಿಗೆ ಕೆಲಸ ಕಲಿಸಿ ಬದುಕಿನ ದಾರಿ ತೋರಿಸುವುದಕ್ಕೆ ಅದು ಹೋಗುತ್ತದೆ.

ಇಷ್ಟು ದೊಡ್ಡ ಮಟ್ಟದಲ್ಲಿ ನಾವು ನೀವು ಮಾಡಬೇಕಿಲ್ಲ. ಬ್ರಿಟನ್ನಿನಲ್ಲೋ ಬೇರೆ ಕಡೆಯೋ ಇರುವ ಕನ್ನಡದ ಕಲಾವಿದರು, ಒಂದು ಶಾಲೆಗೆ ಅಥವಾ ಆಸ್ಪತ್ರೆಗೆ ಹಣ ಕೂಡಿಸಬೇಕು ಅಂತ ಓಡಾಡುವ ಸಣ್ಣ ಸಂಘದವರು, ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಊರಲ್ಲಿರುವವರಿಗೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಶುರುವಿನಲ್ಲೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಈ ಬಾಟಲಿ ನಿಮ್ಮ ಕೈಗೆ ಬರುವ ಮೊದಲೇ ಬೆಲೆಬಾಳುವ ವಸ್ತು. ಅದು ಅಸಲಿ ಎಂದು ಸಾಬೀತು ಮಾಡುವ ಲೇಬಲ್, ಸೀಲ್, ಮುಚ್ಚಳ, ಗಾಜಿನ ಮೇಲಿನ ನಂಬರ್, ಇವಕ್ಕೆ ಬಣ್ಣವಿರಲಿ, ಒದ್ದೆ ಬೆರಳೂ ತಾಗಬಾರದು. ಚಿತ್ರ ಎಷ್ಟೇ ಚೆನ್ನಾಗಿರಲಿ, ಸೀಲ್ ಸಡಿಲವಾಯಿತು ಅಂದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಕೆಳಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಹೆಜ್ಜೆ 1: ಹಣ ಯಾರಿಗೆ ಅಂತ ಮೊದಲು ತೀರ್ಮಾನವಾಗಲಿ

ಬಹಳ ಜನ ಬಾಟಲಿಯಿಂದ ಶುರು ಮಾಡುತ್ತಾರೆ. ಮೊದಲು ಸಂಸ್ಥೆಯನ್ನು ಕೇಳಿ. ಹೆಂಡದ ದುಡ್ಡು ಬೇಡ ಎನ್ನುವ ಸಂಸ್ಥೆಗಳು ಎಷ್ಟೋ ಇವೆ. ಮಕ್ಕಳ ಜೊತೆ ಕೆಲಸ ಮಾಡುವವರು, ಕುಡಿತ ಬಿಡಿಸುವವರು ಬೇಡ ಎಂದರೆ ಅದರಲ್ಲಿ ತಪ್ಪೇನೂ ಇಲ್ಲ. ಕುಡಿತದಿಂದ ಮನೆಗಳು ಹಾಳಾದದ್ದನ್ನು ನಮ್ಮ ಹಳ್ಳಿಗಳು ಕಣ್ಣಾರೆ ಕಂಡಿವೆ. ಸಾರಾಯಿ ಬೇಡ ಅಂತ ಹೆಣ್ಣುಮಕ್ಕಳು ಬೀದಿಗಿಳಿದ ನಾಡು ನಮ್ಮದು. 2007ರಲ್ಲಿ ಸಾರಾಯಿ ನಿಂತದ್ದೂ ಇಲ್ಲೇ. ಹಾಗಾಗಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬೇಡಿ. ನನ್ನ ಮಟ್ಟಿಗೆ, ಸಂಗ್ರಹದ ಕಪಾಟಿಗೆ ಹೋಗುವ ಒಂದು ಬಾಟಲಿಯಿಂದ ಯಾರೂ ಕುಡುಕರಾಗುವುದಿಲ್ಲ, ಅದರಿಂದ ಒಂದು ಊರಿಗೆ ನೀರು ಬರುತ್ತದೆ ಅಂದರೆ ಒಳ್ಳೆಯದೇ. ಆದರೆ ಹಣ ಪಡೆಯುವವರೂ ಹಾಗೇ ಅಂದುಕೊಳ್ಳಬೇಕು, ಅಲ್ವಾ?

ಸಂಸ್ಥೆ ಒಪ್ಪಿದ ಮೇಲೆ ಅದರ ನೋಂದಣಿ ನೋಡಿ. ಸ್ಕಾಟ್ಲೆಂಡಿನಲ್ಲಿ ದಾನ ಸಂಸ್ಥೆಗಳ ನಿಯಂತ್ರಕರ ಪಟ್ಟಿಯಲ್ಲಿ ಹೆಸರೂ ನಂಬರೂ ಇರುತ್ತದೆ. ಇಂಗ್ಲೆಂಡಿನಲ್ಲಿ ಚಾರಿಟಿ ಕಮಿಷನ್ ಪಟ್ಟಿ ನೋಡಬೇಕು. ಭಾರತದ ಸಂಸ್ಥೆಯಾದರೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ ಕಾಗದ ಕೇಳಿ, ಇವನ್ನು 12ಎ, 80ಜಿ ಎಂದು ಕರೆಯುತ್ತಾ ಬಂದಿದ್ದಾರೆ. ಹೊರದೇಶದಿಂದ ನೇರವಾಗಿ ಹಣ ಕಳಿಸುವುದಾದರೆ ವಿದೇಶಿ ದೇಣಿಗೆ ಪಡೆಯಲು ಅವರಿಗೆ ಕೇಂದ್ರ ಸರ್ಕಾರದ ಎಫ್‌ಸಿಆರ್‌ಎ ನೋಂದಣಿ ಇದೆಯೇ ಅಂತಲೂ ನೋಡಿ. ಇದು ಇಲ್ಲದೆ ಹಣ ಕಳಿಸಿದರೆ ಕಷ್ಟಕ್ಕೆ ಸಿಕ್ಕಿಕೊಳ್ಳುವವರು ಅವರೇ.

ಆಮೇಲೆ ಒಂದು ಪುಟದ ಒಪ್ಪಂದ ಬರೆಯಿರಿ. ಹರಾಜಿನ ಹಣದಲ್ಲಿ ಎಷ್ಟು ಪಾಲು ದಾನಕ್ಕೆ? ಎಲ್ಲವೂನಾ, ಖರ್ಚು ಕಳೆದು ಉಳಿದದ್ದಾ? ಬಾಟಲಿ ಮಾರಾಟವಾಗದಿದ್ದರೆ ಯಾರ ಬಳಿ ಉಳಿಯುತ್ತದೆ? ಕೆಲಸದ ನಡುವೆ ಒಡೆದರೆ ಯಾರ ಹೊಣೆ? ಚಿತ್ರವನ್ನು ಕಾರ್ಡ್, ಪೋಸ್ಟರ್ ಮೇಲೆ ಅಚ್ಚು ಹಾಕಬಹುದೇ? ಇವಕ್ಕೆ ಉತ್ತರ ಬರೆದಿಟ್ಟು ಎಲ್ಲರೂ ಸಹಿ ಹಾಕಿ. ಕಲಾವಿದರು ಕೂಲಿ ಬೇಡ ಅಂದರೂ ಬಣ್ಣ, ಚಿನ್ನದ ರೇಕಿನ ಖರ್ಚು ಅವರ ತಲೆಗೆ ಕಟ್ಟಬೇಡಿ. ದಾನದ ಹೆಸರಿನಲ್ಲಿ ಕಲಾವಿದರಿಂದ ಪುಕ್ಕಟೆ ದುಡಿಸಿಕೊಳ್ಳುವುದು ನಮ್ಮಲ್ಲಿ ಜಾಸ್ತಿ. ಅದು ನಿಲ್ಲಬೇಕು.

ಹೆಜ್ಜೆ 2: ಬಾಟಲಿ ಆರಿಸುವುದು

ಅಪರೂಪ ಅಂದರೆ ಅರವತ್ತು ವರ್ಷದ್ದೇ ಆಗಬೇಕಿಲ್ಲ. ಒಂದೇ ಪೀಪಾಯಿಯಿಂದ ತುಂಬಿದ, ಕೆಲವೇ ನೂರು ಬಾಟಲಿಗಳಿರುವ ವಿಸ್ಕಿ ಸಾಕು. ಬಾಗಿಲು ಹಾಕಿದ್ದ ಡಿಸ್ಟಿಲರಿಗಳ ಹಳೆಯ ಸರಕಿಗೂ ಬೇಡಿಕೆ ಇದೆ. ಪೋರ್ಟ್ ಎಲೆನ್, ಬ್ರೋರಾ ಎರಡೂ 1983ರಲ್ಲಿ ಮುಚ್ಚಿದವು, ರೋಸ್‌ಬ್ಯಾಂಕ್ 1993ರಲ್ಲಿ. ಇತ್ತೀಚೆಗೆ ಮೂರೂ ಮತ್ತೆ ತೆರೆದಿವೆ. ಆದರೆ ಮುಚ್ಚುವ ಮೊದಲು ಬಟ್ಟಿ ಇಳಿಸಿದ್ದು ಮತ್ತೆ ಹುಟ್ಟುವುದಿಲ್ಲ. ಕನ್ನಡ ಸಂಘದ ಕಾರ್ಯಕ್ರಮ ಅಂದರೆ ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಸೀಮಿತ ಸಂಖ್ಯೆಯ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ಒಂದನ್ನು ಹುಡುಕಿ. ಅಮೃತ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಸ್ಕಾಟ್ಲೆಂಡಿನ ಕನ್ನಡಿಗರಿಗೆ ಇದಕ್ಕಿಂತ ಹೊಂದುವ ಬಾಟಲಿ ಬೇರೆ ಇಲ್ಲ.

ಕಥೆ ಇರುವ ಬಾಟಲಿಗೆ ಬೆಲೆ ಹೆಚ್ಚು. ಸ್ಕಾಟ್ಲೆಂಡಿನ ಗ್ಲೆನ್‌ಫಿಡಿಕ್ ಡಿಸ್ಟಿಲರಿಯ ಸ್ಥಾಪಕ ವಿಲಿಯಂ ಗ್ರಾಂಟ್ ಅವರ ಮೊಮ್ಮಗಳು ಜಾನೆಟ್ ಶೀಡ್ ರಾಬರ್ಟ್ಸ್. 2011ರಲ್ಲಿ ಅವರಿಗೆ 110 ವರ್ಷ ತುಂಬಿತು. ಅವರ ಬದುಕಿನ ಒಂದೊಂದು ದಶಕಕ್ಕೆ ಒಂದರಂತೆ 55 ವರ್ಷದ ವಿಸ್ಕಿಯ 11 ಬಾಟಲಿಗಳನ್ನು ದಾನದ ಹರಾಜಿಗೆ ಬಿಟ್ಟರು. ಮೊದಲನೆಯದು ಎಡಿನ್‌ಬರಾದಲ್ಲಿ 46,850 ಪೌಂಡ್ ತಂದಿತು, ವಾಟರ್‌ಏಯ್ಡ್ ಸಂಸ್ಥೆಗೆ. ಅಜ್ಜಿಯ ಆಯಸ್ಸನ್ನು ಬಾಟಲಿಗಳಲ್ಲಿ ಎಣಿಸಿದ್ದೇ ಅಲ್ಲಿನ ಆಕರ್ಷಣೆ. ನಿಮ್ಮ ಚಿತ್ರಕ್ಕೂ ಇಂಥ ಒಂದು ಎಳೆ ಬೇಕು.

ಡಿಸ್ಟಿಲರಿಗೆ ನೇರವಾಗಿ ಪತ್ರ ಬರೆಯುವುದು ಒಳ್ಳೆಯ ದಾರಿ. ಬಾಟಲಿಯೂ ಸಿಗಬಹುದು, ಅವರ ಹೆಸರು ಮತ್ತು ಗುರುತು ಬಳಸಲು ಅನುಮತಿಯೂ ಒಟ್ಟಿಗೇ ಸಿಗುತ್ತದೆ. ಸಂಗ್ರಹಕಾರರು ಕೊಟ್ಟರೆ ಕೊಂಡ ರಸೀದಿ ಕೇಳಿ ಪಡೆಯಿರಿ. ಸಂಕೋಚ ಬೇಡ. 2018ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು ಅಪರೂಪದ್ದು ಎನ್ನಲಾದ 55 ಬಾಟಲಿಗಳನ್ನು ವಯಸ್ಸು ಕಂಡುಹಿಡಿಯುವ ಇಂಗಾಲದ ಪರೀಕ್ಷೆಗೆ ಒಡ್ಡಿದಾಗ 21 ನಕಲಿ, ಇಲ್ಲವೇ ಲೇಬಲ್ ಹೇಳುವ ವರ್ಷದ್ದಲ್ಲ ಎಂದು ಗೊತ್ತಾಯಿತು. ಅದರ ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ 1878ರ ವಿಸ್ಕಿ ಅಂತ ಒಂದೇ ಪೆಗ್‌ಗೆ ಸುಮಾರು 10,000 ಫ್ರಾಂಕ್ ಕೊಟ್ಟು ಕುಡಿದದ್ದು ಆಮೇಲೆ 1970ರ ಆಸುಪಾಸಿನದ್ದು ಎಂದು ತಿಳಿಯಿತು. ನಕಲಿ ಬಾಟಲಿಯ ಮೇಲೆ ಚಿತ್ರ ಬರೆದು ದಾನಕ್ಕೆ ಮಾರಿದರೆ ಸಂಸ್ಥೆಯ ಹೆಸರೂ ಕೆಡುತ್ತದೆ, ನಿಮ್ಮದೂ.

ಆಕಾರವನ್ನೂ ನೋಡಿ. ಚಪ್ಪಟೆ ಮೈಯ ಚೌಕದ ಬಾಟಲಿ ಚಿತ್ರಕ್ಕೆ ಸುಲಭ. ಗುಂಡನೆಯದು ಕಷ್ಟ, ಆದರೆ ಕೈ ಪಳಗಿದವರಿಗೆ ಅದರಲ್ಲೇ ಮಜಾ.

ಹೆಜ್ಜೆ 3: ಮುಟ್ಟುವ ಮೊದಲು ದಾಖಲೆ

ಬಾಟಲಿ ಬಂದ ದಿನವೇ ನಾಲ್ಕೂ ಕಡೆಯಿಂದ, ಮೇಲಿಂದ, ತಳದಿಂದ ಫೋಟೋ ತೆಗೆಯಿರಿ. ಸೀಲ್, ಲೇಬಲ್ಲಿನ ಅಂಚು, ಹಳೆಯ ಗೀರು ಹತ್ತಿರದಿಂದ ಬರಲಿ. ವಿಸ್ಕಿ ಎಲ್ಲಿಯವರೆಗೆ ಇದೆ ಎಂದು ಮುಚ್ಚಳದ ಅಂಚಿನಿಂದ ಮಿಲಿಮೀಟರ್‌ನಲ್ಲಿ ಅಳೆದು ಬರೆಯಿರಿ. ಅಡುಗೆಮನೆಯ ತೂಕದ ಯಂತ್ರದಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ. ಕೆಲಸ ಮುಗಿದ ಮೇಲೆ ವಿಸ್ಕಿಯ ಮಟ್ಟ ಅಷ್ಟೇ ಇದ್ದರೆ ಯಾರೂ ಪ್ರಶ್ನೆ ಎತ್ತುವುದಿಲ್ಲ.

ಬಾಟಲಿ ಸದಾ ನಿಂತೇ ಇರಬೇಕು. ವೈನ್ ಬಾಟಲಿಯನ್ನು ಮಲಗಿಸುತ್ತಾರೆ, ವಿಸ್ಕಿಯನ್ನು ಮಲಗಿಸಬಾರದು. ಕಡಿಮೆ ಅಂದರೂ ನೂರಕ್ಕೆ 40 ಭಾಗ ಆಲ್ಕೋಹಾಲ್ ಇರುವ ದ್ರವ ಕಾರ್ಕ್ ಬಿರಡೆಯನ್ನು ತಿನ್ನುತ್ತದೆ. ಮಲಗಿಸಿಕೊಂಡು ಚಿತ್ರ ಬರೆದರೆ ಆರಾಮ ಅನ್ನಿಸಬಹುದು, ಬೇಡ. ಬಿಸಿಲು ಬೀಳುವ ಕಿಟಕಿ ಬಳಿಯೂ ಬೇಡ. ಲೇಬಲ್ಲೂ ವಿಸ್ಕಿಯ ಬಣ್ಣವೂ ಮಾಸುತ್ತದೆ.

ಹೆಜ್ಜೆ 4: ಚಿತ್ರ ಎಲ್ಲಿ?

ಗಾಜಿನ ಮೇಲೆಯೇ ಬರೆಯಬೇಕು ಅಂತಿಲ್ಲ. ಇದೇ ಮೊದಲ ಪ್ರಯತ್ನ ಆದವರಿಗೆ ನಾನು ಹೇಳುವುದು ಪೆಟ್ಟಿಗೆಯ ಮೇಲೆ ಬರೆಯಿರಿ ಅಂತ. ಮರದ ಪೆಟ್ಟಿಗೆ ಮಾಡಿಸಿ ಒಳಗೆ ಬಾಟಲಿ ಕೂರಿಸಿದರೆ ಅಪಾಯವೇ ಇಲ್ಲ. ನಮ್ಮ ಕುಶಲಕಲೆಗೆ ಇಲ್ಲಿ ಒಳ್ಳೆ ಜಾಗ ಇದೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಪೀಠ, ಬೀದರಿನ ಬಿದರಿ ಕೆಲಸದ ಪುಟ್ಟ ಫಲಕ, ಮೈಸೂರು ಶೈಲಿಯಲ್ಲಿ ಚಿನ್ನದ ರೇಕು ಹಚ್ಚಿದ ಪೆಟ್ಟಿಗೆಯ ಬಾಗಿಲು. ಕೊಳ್ಳುವವರ ಕಣ್ಣಿಗೆ ಇವೆಲ್ಲ ಹೊಸವು. ಕೆಲಸ ಮಾಡಿದ ಕುಶಲಕರ್ಮಿಯ ಹೆಸರೂ ಕಲಾವಿದರ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಲಿ.

ಎರಡನೆಯದು, ಹೊಸ ಡಿಕ್ಯಾಂಟರ್. ಲಲೀಕ್ ಮಾಡಿದ್ದು ಇದನ್ನೇ. ಮೇಣದ ಅಚ್ಚು ಕರಗಿಸಿ ಎರಕ ಹೊಯ್ಯುವ ಪದ್ಧತಿ, ನಮ್ಮಲ್ಲಿ ಕಂಚಿನ ವಿಗ್ರಹ ಮಾಡುವ ಕ್ರಮವೇ. ಅಚ್ಚು ಒಡೆದ ಮೇಲೆ ಅಂಥದ್ದು ಇನ್ನೊಂದು ಬರುವುದಿಲ್ಲ. 2023ರ ಒನ್ ಆಫ್ ಒನ್ ಹರಾಜಿನಲ್ಲಿ 5,62,500 ಪೌಂಡ್‌ಗೆ ಹೋದ 55 ವರ್ಷದ ಬೋಮೋರ್ ವಿಸ್ಕಿ ಕೂಡ ಸ್ಕಾಟ್ಲೆಂಡಿನ ಐಲಾ ದ್ವೀಪದ ಕಡಲಬಂಡೆಗಳನ್ನು ನೆನಪಿಸುವ ಗಾಜಿನ ಶಿಲ್ಪದಲ್ಲಿತ್ತು. ಆದರೆ ಇದಕ್ಕೆ ಡಿಸ್ಟಿಲರಿ ಜೊತೆಗಿರಲೇಬೇಕು. ಸಿಂಗಲ್ ಮಾಲ್ಟ್ ಸ್ಕಾಚ್ ಎಂಬ ಹೆಸರಲ್ಲಿ ಮಾರಬೇಕಾದರೆ ಸ್ಕಾಟ್ಲೆಂಡಿನಲ್ಲೇ ಬಾಟಲಿಗೆ ತುಂಬಿರಬೇಕು ಎನ್ನುವುದು ಅಲ್ಲಿನ ಕಾನೂನು. ಮನೆಯಲ್ಲಿ ಸೀಲ್ ಒಡೆದು ಚೆಂದದ ಹೂಜಿಗೆ ಸುರಿದರೆ ಅಪರೂಪದ ವಿಸ್ಕಿ ಅಂತ ಮಾರುವ ಹಾಗಿಲ್ಲ.

ಕೆತ್ತನೆ, ಮರಳು ಊದಿ ಮಸುಕು ಮಾಡುವುದು, ಆಸಿಡ್ ಕ್ರೀಮ್ ಹಚ್ಚುವುದು, ಇವೆಲ್ಲ ಖಾಲಿ ಗಾಜಿಗೆ ಮಾತ್ರ. ತುಂಬಿದ ಬಾಟಲಿಯ ಮೇಲೆ ಕೊರೆಯುವ ಯಂತ್ರ ಇಟ್ಟರೆ ಕಣ್ಣಿಗೆ ಕಾಣದ ಬಿರುಕು ಬಿಡಬಹುದು.

ಮೂರನೆಯದು, ತುಂಬಿದ ಬಾಟಲಿಯ ಗಾಜಿನ ಮೇಲೆ ನೇರ ಚಿತ್ರ. ಮುಂದಿನದೆಲ್ಲ ಇದರ ಬಗ್ಗೆ.

ಹೆಜ್ಜೆ 5: ಚಹಾ ತುಂಬಿದ ಬಾಟಲಿಯಲ್ಲಿ ಅಭ್ಯಾಸ

ಅದೇ ಆಕಾರದ ಖಾಲಿ ಬಾಟಲಿ ಒಂದು ತನ್ನಿ. ಹಾಲು ಹಾಕದ ಚಹಾ ಸೋಸಿ, ನೀರು ಬೆರೆಸಿ, ವಿಸ್ಕಿಯ ಬಣ್ಣಕ್ಕೆ ತಂದು, ಪೂರ್ತಿ ಆರಿದ ಮೇಲೆ ತುಂಬಿ. ನಿಮ್ಮ ಬಣ್ಣಗಳೆಲ್ಲ ಇದರ ಮೇಲೆ ಪರೀಕ್ಷೆ ಪಾಸಾಗಬೇಕು.

ಯಾಕೆ ಅಂದರೆ ವಿಸ್ಕಿ ಸುಮ್ನೆ ಹಿಂದೆ ನಿಂತಿರುವುದಿಲ್ಲ, ಚಿತ್ರವನ್ನೇ ಬದಲಿಸುತ್ತದೆ. ಪಾರದರ್ಶಕ ನೀಲಿ ಹಚ್ಚಿ ನೋಡಿ. ಬಿಳಿ ಹಾಳೆಯ ಮೇಲೆ ಆಕಾಶದ ಹಾಗಿದ್ದದ್ದು ಇಲ್ಲಿ ಕೊಳೆತ ಹಸಿರಾಗುತ್ತದೆ. ಹಿಂದಿರುವ ಜೇನುಬಣ್ಣ ಅದನ್ನು ನುಂಗುತ್ತದೆ. ಕೆಂಪು, ಕಿತ್ತಳೆ, ಹಳದಿ ಮಾತ್ರ ಇನ್ನೂ ಹೊಳೆಯುತ್ತವೆ. ನೀಲಿ, ನೇರಳೆ ಬೇಕೇ ಬೇಕು ಅಂದರೆ ಆ ಜಾಗಕ್ಕೆ ಮೊದಲು ದಟ್ಟ ಬಿಳಿ ಹಚ್ಚಿ, ಒಣಗಿಸಿ, ಅದರ ಮೇಲೆ ಬರೆಯಬೇಕು. ಇನ್ನೊಂದು ವಿಷಯ, ವಿಸ್ಕಿಯ ಮಟ್ಟಕ್ಕಿಂತ ಮೇಲೆ, ಬಾಟಲಿಯ ಕತ್ತಿನ ಬಳಿ, ಹಿಂದೆ ಏನೂ ಇರುವುದಿಲ್ಲ. ಒಂದೇ ಬಣ್ಣ ಅಲ್ಲಿ ಬೇರೆ ಥರ ಕಾಣುತ್ತದೆ. ಹಾಗಾಗಿ ಚಿತ್ರದ ಮುಖ್ಯ ಭಾಗ ಆ ಗೆರೆಯನ್ನು ದಾಟದಂತೆ ನೋಡಿಕೊಳ್ಳಿ.

ಗುಂಡನೆಯ ಬಾಟಲಿಯ ಹಿಂಬದಿಯಲ್ಲಿ ಬರೆದು ಮುಂದಿನಿಂದ ನೋಡಿದರೆ ಇನ್ನೊಂದು ಬೆರಗು ಕಾದಿದೆ. ತುಂಬಿದ ಬಾಟಲಿ ಭೂತಗನ್ನಡಿಯ ಕೆಲಸ ಮಾಡುತ್ತದೆ. ಚಿತ್ರದ ಎತ್ತರ ಹಾಗೇ ಇದ್ದು ಅಗಲ ಮಾತ್ರ ಹೆಚ್ಚು ಕಡಿಮೆ ಎರಡರಷ್ಟು ಹಿಗ್ಗುತ್ತದೆ. ತೆಳ್ಳನೆಯ ನವಿಲು ಬರೆದರೆ ಮುಂದಿನಿಂದ ಗರಿ ಬಿಚ್ಚಿ ನಿಂತ ಹಾಗೆ ಕಾಣುತ್ತದೆ. ಗೊತ್ತಿದ್ದೇ ಇದನ್ನು ಬಳಸಿದರೆ ಜನ ಬಾಟಲಿಯನ್ನು ಸುತ್ತಿ ಸುತ್ತಿ ನೋಡುತ್ತಾರೆ. ಇಂಥ ಕೌತುಕವೇ ಹರಾಜಿನಲ್ಲಿ ಕೈ ಎತ್ತಿಸುವುದು. ಹಿಂಬದಿಯ ಅಕ್ಷರಗಳನ್ನು ಮುಂದಿನಿಂದ ಓದಬೇಕಾದರೆ ತಿರುವುಮುರುವಾಗಿ ಬರೆಯಬೇಕು ಎಂಬುದು ನೆನಪಿರಲಿ.

ಅಳತೆಗೆ ಟ್ರೇಸಿಂಗ್ ಕಾಗದವನ್ನು ಬಾಟಲಿಗೆ ಸುತ್ತಿ, ಲೇಬಲ್ಲಿನ ಜಾಗವನ್ನು ಅದರ ಮೇಲೆ ಗುರುತು ಮಾಡಿ, ಉಳಿದದ್ದರಲ್ಲಿ ಚಿತ್ರ ಕೂರಿಸಿ. ಲೇಬಲ್ಲಿನ ಅಂಚಿಗೂ ಬಣ್ಣಕ್ಕೂ ಕಡೇ ಪಕ್ಷ ಅರ್ಧ ಸೆಂಟಿಮೀಟರ್ ಖಾಲಿ ಬಿಡಿ. ಲೇಬಲ್ಲನ್ನು ಚಿತ್ರದ ಒಳಗೇ ಸೇರಿಸಿಕೊಳ್ಳಿ. ಅದು ಕಿಟಕಿಯಾಗಲಿ, ದೋಣಿಯ ಪಟವಾಗಲಿ, ಮನೆಯ ಗೋಡೆಯಾಗಲಿ. ಇರುವ ಲೇಬಲ್ಲಿನ ಸುತ್ತ ಯೋಚಿಸಿದವರ ಕೆಲಸ ಬೇರೆಯೇ ಮಟ್ಟದಲ್ಲಿರುತ್ತದೆ.

ಹೆಜ್ಜೆ 6: ಶುಚಿ ಮಾಡಿ, ಮುಚ್ಚಿ

ಗಾಜಿನ ಮೇಲೆ ಬೆರಳಿನ ಜಿಡ್ಡಿದ್ದರೆ ಬಣ್ಣ ಕೂರುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಚ್ಚಿಕೊಂಡು ಒರೆಸಬೇಕು. ಬಾಟಲಿಯ ಮೇಲೆ ಸುರಿಯಬೇಡಿ. ಅದಕ್ಕೂ ಮೊದಲು ಲೇಬಲ್ಲಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಅಂಚನ್ನು ಗಾಜಿಗೆ ಟೇಪ್ ಮಾಡಿ. ಟೇಪ್ ಲೇಬಲ್ಲಿಗೆ ತಾಗಬಾರದು, ಬಿಡಿಸುವಾಗ ಕಾಗದ ಕಿತ್ತು ಬರುತ್ತದೆ. ಕತ್ತು ಮತ್ತು ಮುಚ್ಚಳಕ್ಕೆ ಲ್ಯಾಬ್‌ಗಳಲ್ಲಿ ಬಳಸುವ ಪ್ಯಾರಾಫಿಲ್ಮ್ ಸುತ್ತಿ. ಅದರಲ್ಲಿ ಅಂಟಿಲ್ಲ, ಕಲೆಯೂ ಉಳಿಯುವುದಿಲ್ಲ.

ಬಾಟಲಿಯ ಕೆಳಭಾಗದಲ್ಲಿ ಸಣ್ಣ ಅಕ್ಷರದ ಬ್ಯಾಚ್ ನಂಬರ್ ಇರುತ್ತದೆ. ಕೆಲವು ಕಡೆ ಗಾಜನ್ನೇ ಸುಟ್ಟು ಬರೆದಿರುತ್ತಾರೆ, ಕೆಲವು ಕಡೆ ಬರೀ ಇಂಕು. ಇಂಕಿನದಾದರೆ ಸ್ಪಿರಿಟ್ ಬಟ್ಟೆಯ ಒಂದೇ ಒರೆಸಿಗೆ ಮಾಯ! ಅಸಲಿತನದ ದೊಡ್ಡ ಸಾಕ್ಷಿ ಹೋದ ಹಾಗೆ. ಮೊದಲು ಅದನ್ನು ಹುಡುಕಿ ಮುಚ್ಚಿ, ಆಮೇಲೆ ಬಟ್ಟೆ ಕೈಗೆತ್ತಿಕೊಳ್ಳಿ. ಇಲ್ಲಿಂದ ಮುಂದೆ ಕೈಗೆ ನೈಟ್ರೈಲ್ ಗ್ಲೌಸ್.

ಹೆಜ್ಜೆ 7: ಬಣ್ಣ

ಒಂದು ಎಚ್ಚರಿಕೆ, ಇದರಲ್ಲಿ ರಾಜಿ ಇಲ್ಲ. ತುಂಬಿದ ಬಾಟಲಿಯನ್ನು ಓವನ್‌ನಲ್ಲಿ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಲಿಗೆ ಒಣಗಿಸಬೇಡಿ. ಗಾಜಿನ ಬಣ್ಣಗಳ ಡಬ್ಬಿಯ ಮೇಲೆ '160 ಡಿಗ್ರಿಯಲ್ಲಿ 40 ನಿಮಿಷ ಸುಡಿ' ಎಂಬಂಥ ಸೂಚನೆ ಇರುತ್ತದೆ. ಅದು ಖಾಲಿ ಗಾಜಿಗೆ. ಒಳಗಿನ ವಿಸ್ಕಿ ಬಿಸಿಯಾದರೆ ಹಿಗ್ಗಿ ಬಿರಡೆಯನ್ನು ತಳ್ಳುತ್ತದೆ. 40 ಭಾಗದ ಮದ್ಯದ ಆವಿ 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಓವನ್ನಿನೊಳಗೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಸುಡದೆ ತಾನಾಗಿ ಗಟ್ಟಿಯಾಗುವ ಬಣ್ಣ ಬೇಕು. ಗಾಜಿಗೆಂದೇ ಮಾಡಿದ ಅಕ್ರಿಲಿಕ್ ಎನಾಮೆಲ್ ಸುಲಭ. ಗಾಳಿಯಲ್ಲಿ ಪೂರ್ತಿ ಗಟ್ಟಿಯಾಗಲು 21 ದಿನ ಬೇಕು ಅಂತ ಅದರ ಮೇಲೆ ಬರೆದಿರುತ್ತದೆ. ಬೋರ್ಡ್ ಬರೆಯುವವರು ಬಳಸುವ ಎಣ್ಣೆಯ ಎನಾಮೆಲ್ ಇನ್ನೂ ಚೆನ್ನ. ಗೆರೆ ನಯವಾಗಿ ಹರಿಯುತ್ತದೆ, ಬಣ್ಣ ದಟ್ಟ. ವಾಸನೆ ಇರುತ್ತದೆ, ಕಿಟಕಿ ತೆರೆದಿಡಿ. ಸಾಮಾನ್ಯ ಪೋಸ್ಟರ್ ಬಣ್ಣ, ಜಲವರ್ಣ ಗಾಜಿನ ಮೇಲೆ ನಿಲ್ಲುವುದಿಲ್ಲ.

ಬಾಟಲಿಯನ್ನು ತಿರುಗುವ ಪೀಠದ ಮೇಲೆ ನಿಲ್ಲಿಸಿ. ಎರಡೂ ಪಕ್ಕ ದಪ್ಪ ಪುಸ್ತಕ ಜೋಡಿಸಿ, ಮೇಲೆ ಮರದ ಪಟ್ಟಿ ಇಟ್ಟರೆ ಕೈ ಊರಲು ಆಸರೆ. ಬ್ರಷ್ಷಿನಲ್ಲಿ ಬಣ್ಣ ಕಡಿಮೆ ಇರಲಿ. ಗಾಜು ಬಣ್ಣವನ್ನು ಹೀರುವುದಿಲ್ಲ. ಎಳೆದ ಗೆರೆಯ ಮೇಲೆ ತಕ್ಷಣ ಮತ್ತೊಮ್ಮೆ ಬ್ರಷ್ ಆಡಿಸಿದರೆ ಮೊದಲಿನದು ಎದ್ದು ಬರುತ್ತದೆ. ಒಂದು ಎಳೆತ, ಬಿಡಿ. ಒಣಗಲಿ. ಆಮೇಲೆ ಎರಡನೆಯದು. ಬಾಟಲಿಯ ಹೆಗಲಿನ ಬಳಿ ಗಾಜು ಬಾಗುವಲ್ಲಿ ಬಣ್ಣ ಕೆಳಗೆ ಜಾರಿ ಅಂಚಿನಲ್ಲಿ ಹನಿಗಟ್ಟುತ್ತದೆ. ಅಲ್ಲಿ ಇನ್ನೂ ತೆಳುವಾಗಿ ಹಚ್ಚಿ. ತಪ್ಪಿದ ಗೆರೆಯನ್ನು ಹಸಿಯಿದ್ದಾಗ ಹತ್ತಿಕಡ್ಡಿಯಿಂದ, ಒಣಗಿದ್ದರೆ ಮರದ ಕಡ್ಡಿಯ ಚೂಪು ತುದಿಯಿಂದ ತೆಗೆಯಬಹುದು. ಬ್ಲೇಡ್ ಬೇಡ.

ಚಿನ್ನದ ರೇಕು ಹಚ್ಚಬೇಕು ಅನ್ನುವವರಿಗೆ: ರೇಕಿನ ಅಂಟನ್ನು ಬೇಕಾದಷ್ಟೇ ಜಾಗಕ್ಕೆ ತೆಳ್ಳಗೆ ಹಚ್ಚಿ ಕಾಯಬೇಕು. ಎಣ್ಣೆಯ ಅಂಟಿನಲ್ಲಿ 3 ಗಂಟೆಯದು, 12 ಗಂಟೆಯದು ಅಂತ ಇವೆ. ಹದ ಬಂದಿದೆಯೇ ಅಂತ ತಿಳಿಯಲು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಾಗಿಸಿ ಎತ್ತಿ. ಬೆರಳಿಗೆ ಅಂಟು ಬಾರದೆ 'ಟಿಕ್' ಅಂತ ಸಣ್ಣ ಸದ್ದು ಬಂದರೆ ಅದೇ ಹದ. ಆಗ ರೇಕು ಇಟ್ಟು ಮೆತ್ತನೆಯ ಬ್ರಷ್ಷಿನಿಂದ ಒತ್ತಿ. ಅವಸರ ಮಾಡಿದರೆ ರೇಕು ಮುಳುಗಿ ಹೊಳಪು ಸಾಯುತ್ತದೆ. ಫ್ಯಾನ್ ಮಾತ್ರ ಆರಿಸಿರಿ. ಆ ರೇಕು ಉಸಿರಿಗೂ ಹಾರುತ್ತದೆ.

ಕೊನೆಯಲ್ಲಿ ವಾರ್ನಿಶ್ಶನ್ನು ಬ್ರಷ್ಷಿನಿಂದಲೇ, ಚಿತ್ರದ ಮೇಲಷ್ಟೇ ಹಚ್ಚಿ. ಸ್ಪ್ರೇ ಮಾಡಿದರೆ ಅದರ ಸಣ್ಣ ಹನಿಗಳು ಸೀಲಿನ ಮೇಲೆಲ್ಲ ಕೂರುತ್ತವೆ. ನಿಮ್ಮ ಸಹಿ, ವರ್ಷ ಗಾಜಿನ ಮೇಲೆ ಬರೆಯಿರಿ, ಲೇಬಲ್ಲಿನ ಮೇಲೆ ಬೇಡ. ಆಮೇಲೆ ಮೂರು ವಾರ ಬಾಟಲಿಯನ್ನು ಕತ್ತಲ ಮೂಲೆಯಲ್ಲಿ ಬಿಡಿ. ಹರಾಜಿನ ದಿನದಿಂದ ಹಿಂದಕ್ಕೆ ಎಣಿಸಿ ಕೆಲಸ ಶುರು ಮಾಡಿದರೆ ಈ ಮೂರು ವಾರ ಸಿಗುತ್ತದೆ.

ಕರ್ನಾಟಕದಲ್ಲಿರುವವರು ಖಾಲಿ ಬಾಟಲಿ ಬಳಸಿ

ಪರವಾನಗಿ ಇಲ್ಲದೆ ಮದ್ಯ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ದಾನಕ್ಕೆ ಅಂದರೂ ಅಪರಾಧವೇ. ಹಾಗಾಗಿ ತುಂಬಿದ ಬಾಟಲಿಯ ಆಸೆ ಬಿಡಿ. ಖಾಲಿ ಬಾಟಲಿಯಲ್ಲಿ ಕಲಾವಿದರಿಗೆ ಸ್ವಾತಂತ್ರ್ಯವೂ ಜಾಸ್ತಿ. ಬಣ್ಣ ಸುಡಬಹುದು, ಕೆತ್ತಬಹುದು. ಸುಡುವುದಾದರೆ ಬಾಟಲಿಯನ್ನು ತಣ್ಣನೆಯ ಓವನ್ನಿನಲ್ಲಿಟ್ಟು ನಿಧಾನ ಬಿಸಿ ಮಾಡಿ, ಒಳಗೇ ಆರಲು ಬಿಡಿ. ಇಲ್ಲದಿದ್ದರೆ ಗಾಜು ಸೀಳುತ್ತದೆ.

ಒಂದು ಕೆಲಸ ಮಾತ್ರ ಮರೆಯಬೇಡಿ. ಬೆಲೆಬಾಳುವ ವಿಸ್ಕಿಯ ಖಾಲಿ ಬಾಟಲಿಗೆ ನಕಲಿ ಸರಕು ತುಂಬಿ ಮಾರುವವರು ಇದ್ದಾರೆ. ತಳದಲ್ಲಿ ವಜ್ರದ ಪುಡಿಯ ಡ್ರಿಲ್ ಬಿಟ್‌ನಿಂದ, ನೀರು ಬಿಡುತ್ತಾ, ಮೆಲ್ಲಗೆ ಒಂದು ತೂತು ಕೊರೆಯಿರಿ. ಆ ಬಾಟಲಿ ಇನ್ನು ಯಾರ ಮೋಸಕ್ಕೂ ಸಿಗುವುದಿಲ್ಲ. ತೂತಿನಿಂದ ಪುಟ್ಟ ಎಲ್‌ಇಡಿ ಸರ ಒಳಗೆ ಬಿಟ್ಟರೆ ದೀಪವೂ ಆಯಿತು.

ಹೆಜ್ಜೆ 8: ಕಾನೂನು, ಹರಾಜು

ಬ್ರಿಟನ್ನಿನಲ್ಲಿ ದಾನದ ಹರಾಜಿಗೂ ಮದ್ಯ ಮಾರುವ ಪರವಾನಗಿ ಬೇಕು. ಸ್ಕಾಟ್ಲೆಂಡಿನಲ್ಲಿ ಸ್ಥಳೀಯ ಲೈಸೆನ್ಸಿಂಗ್ ಬೋರ್ಡಿನಿಂದ ತಾತ್ಕಾಲಿಕ ಪರವಾನಗಿ ಪಡೆಯಬೇಕು. ಸ್ವಯಂಸೇವಾ ಸಂಘಗಳೂ ಅರ್ಜಿ ಹಾಕಬಹುದು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಸ್ಥಳೀಯ ಆಡಳಿತಕ್ಕೆ ಕಡೇ ಪಕ್ಷ 10 ಕೆಲಸದ ದಿನ ಮೊದಲೇ ತಾತ್ಕಾಲಿಕ ಕಾರ್ಯಕ್ರಮದ ನೋಟಿಸ್ ಕೊಡಬೇಕು. ಪರವಾನಗಿ ಇರುವ ಹರಾಜು ಸಂಸ್ಥೆಯೇ ಮಾರಿಕೊಟ್ಟರೆ ಈ ತಲೆನೋವು ಇಲ್ಲ. ಆಗ ಅವರ ಕಮಿಷನ್ ಎಷ್ಟು, ದಾನಕ್ಕೆ ಅಂತ ಬಿಟ್ಟುಕೊಡುತ್ತಾರಾ ಅಂತ ಮೊದಲೇ ಕೇಳಿ. ಕೊಳ್ಳುವವರ ಮೇಲೂ ಬೇರೆ ಕಮಿಷನ್ ಬೀಳುತ್ತದೆ, ಅದನ್ನೂ ಬಿಡಿಸಿ ಹೇಳಿಸಿ. 18 ತುಂಬದವರಿಗೆ ಮಾರುವಂತಿಲ್ಲ. ಫೇಸ್‌ಬುಕ್ ಗುಂಪಿನಲ್ಲಿ ಹರಾಜು ಕೂಗುವುದು ಬೇಡ, ಅಲ್ಲಿ ವೈಯಕ್ತಿಕ ಮದ್ಯ ಮಾರಾಟಕ್ಕೆ ಅವಕಾಶ ಇಲ್ಲ.

ಬಾಟಲಿಯ ಜೊತೆ ಒಂದು ಪುಟದ ವಿವರ ಇರಲಿ: ವಿಸ್ಕಿ ಯಾವುದು, ಎಲ್ಲಿಂದ ಬಂತು, ಯಾರು ಏನು ಬರೆದರು, ಯಾವ ಬಣ್ಣ ಬಳಸಿದರು, ಮೊದಲಿನ ಮತ್ತು ಈಗಿನ ಫೋಟೋ, ಹಣ ಯಾರಿಗೆ. ಕನಿಷ್ಠ ಬೆಲೆಯನ್ನು ಬರೀ ಚಿತ್ರದ ಲೆಕ್ಕದಲ್ಲಿ ಇಡಬೇಡಿ. ಅದೇ ವಿಸ್ಕಿ ಚಿತ್ರವಿಲ್ಲದೆ ಇತ್ತೀಚಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋಗಿದೆ ನೋಡಿ, ಅದಕ್ಕಿಂತ ಕೆಳಗೆ ಬಿಡಬೇಡಿ. ಇಲ್ಲದಿದ್ದರೆ ಬಾಟಲಿ ಕೊಟ್ಟವರಿಗೆ ಅನ್ಯಾಯ. ಸಂಜೆಯ ಮೊದಲ ಸರಕಾಗಿಯೂ ಇಡಬೇಡಿ, ಕೊನೆಯದಾಗಿಯೂ ಬೇಡ. ಜನ ಕೂತು, ಊಟಕ್ಕೆ ಏಳುವ ಮೊದಲು, ಸಂಸ್ಥೆಯ ಕೆಲಸದ ಬಗ್ಗೆ ಯಾರಾದರೂ ಎರಡು ನಿಮಿಷ ಮಾತಾಡಿದ ಕೂಡಲೇ ಕೂಗಿಸಿ. ಬಾಟಲಿ ಕೊಳ್ಳಲಾಗದವರಿಗೆ ಅದೇ ಚಿತ್ರದ ಕಾರ್ಡ್ ಅಚ್ಚು ಮಾಡಿಸಿಟ್ಟರೆ ಅವರೂ ಕೈ ಜೋಡಿಸಿದ ಹಾಗಾಗುತ್ತದೆ.

ಹೆಜ್ಜೆ 9: ಕೈಗೊಪ್ಪಿಸುವುದು

ಕೊಂಡವರು ಅದೇ ಊರಿನವರಾದರೆ ಕೈಯಲ್ಲೇ ಕೊಡಿ. ಕಳಿಸಬೇಕಾದರೆ ಮದ್ಯ ಸಾಗಿಸುವ, ಪೂರ್ತಿ ಬೆಲೆಗೆ ವಿಮೆ ಕೊಡುವ ಕೊರಿಯರ್ ಹುಡುಕಿ. ಬಬಲ್ ಹಾಳೆಯನ್ನು ಬಣ್ಣದ ಮೇಲೆ ನೇರ ಸುತ್ತಬೇಡಿ, ಗುಳ್ಳೆಯ ಗುರುತು ಬೀಳುತ್ತದೆ. ಮೊದಲು ನುಣುಪಾದ ಬೆಣ್ಣೆ ಕಾಗದ, ಆಮೇಲೆ ಮೆತ್ತೆ. ಭಾರತಕ್ಕೆ ಒಯ್ಯುವವರಿದ್ದರೆ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್ ಎಂಬ ಮಿತಿಯನ್ನು ನೆನಪಿಸಿ.

ಜೊತೆಗೆ ಒಂದು ಚೀಟಿ ಇಡಿ: ನಿಲ್ಲಿಸಿಯೇ ಇಡಿ, ಬಿಸಿಲು ಬೇಡ, ಒಣ ಬಟ್ಟೆಯಿಂದಲೇ ಒರೆಸಿ, ಸೋಪು ನೀರು ತಾಗಿಸಬೇಡಿ. ಹಣ ಸಂಸ್ಥೆಯ ಖಾತೆಗೆ ಸೇರಿದ ರಸೀದಿಯ ಪ್ರತಿಯನ್ನು ಬಾಟಲಿ ಕೊಟ್ಟವರಿಗೆ, ಚಿತ್ರ ಬರೆದವರಿಗೆ, ಪೆಟ್ಟಿಗೆ ಮಾಡಿದವರಿಗೆ, ಕೊಂಡವರಿಗೆ, ಎಲ್ಲರಿಗೂ ಕಳಿಸಿ. ಖರ್ಚಿನ ಲೆಕ್ಕವೂ ಅದರ ಜೊತೆಗೇ ಹೋಗಲಿ, ಪೈಸೆ ಪೈಸೆಗೂ.